ಎರಡು ಗುಂಟೆ ಕಂದಾಯ

ಗಾಜಿನ ಕಂಪನಿ ಮಾರಾಟವಾದ ಸುದ್ದಿ ಗೊಟ್ಟಿಗೆರೆಯ ಚಿಕ್ಕಬೈರಪ್ಪನ ಮನೆಗೆ ಬಂದಾಗ ಒಲೆಯ ಮೇಲೆ ದೋಸೆಯಿತ್ತು. ಶ್ರಾವಣದ ಎರಡನೆಯ ಸೋಮವಾರ. ಅಕ್ಕಯಮ್ಮ ಕಾವಲಿಯ ಮುಂದೆ ನಿಂತಿದ್ದಳು. ಸೊಸೆ ಸೌಮ್ಯ ತನ್ನ ಮಗಳು ಮೈತ್ರಿಯ ಸ್ಕೂಲ್ ಡಬ್ಬಿಗೆ ಚಟ್ನಿ ತುಂಬುತ್ತಿದ್ದಳು. ಮಗ ದೀಪಕ್ ಎಂದಿನಂತೆ ನೀರಿನ ಚೊಂಬಿಗೆ ಮೊಬೈಲು ಒರಗಿಸಿ, ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ತಟ್ಟೆಯ ಮೇಲೆ ಇಟ್ಟುಕೊಂಡು ತಿನ್ನುತ್ತಿದ್ದ.

“ಅಪ್ಪಾ, ಗಾಜಿನ ಕಂಪನಿ ಸೇಲ್ ಆಗೋಯ್ತಂತೆ! ಪೂರ್ತಿ ಇಪ್ಪತ್ತೆರಡು ಎಕರೆ. ತಗೊಂಡಿರೋನು ಬಿಲ್ಡರ್ರು. ಎಲ್ಲಾ ಒಡೆದು ಅಪಾರ್ಟ್‌ಮೆಂಟ್ ಕಟ್ತಾನಂತೆ.”

“ನಮಗೇನ್ಲಾ ಅದ್ರಿಂದ? ನಮ್ದು ಅವತ್ತೇ ಮುಗೀತು,” ಎಂದ ಚಿಕ್ಕಬೈರಪ್ಪ.

“ನಮಗೇನಾ? ಅವನು ಕೊಟ್ಟಿರೋ ರೇಟು ನೋಡಿದ್ರೆ ನಮ್ಮ ಸೈಟೂ ಡಬಲ್ ಅಂತ ಇಟ್ಕೊ.”

“ಸೈಟು ಡಬಲ್ ಆದ್ರೆ ಟ್ಯಾಕ್ಸೂ ಡಬಲ್ ಆಗತ್ತೆ ರೀ,” ಎಂದಳು ಸೌಮ್ಯ. “ಸೈಟು ಮಾರಿದ್ರೆ ತಾನೇ ದುಡ್ಡು. ಟ್ಯಾಕ್ಸು ವರ್ಷಾ ವರ್ಷಾ.”

ಅಕ್ಕಯಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. “ಅಂಗಾದ್ರೆ ನಮ್ಮ ಗುಡ್ಡೆಗಳು?”

ಚಿಕ್ಕಬೈರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅದಕ್ಕೇನೂ ಆಗಕ್ಕಿಲ್ಲ. ದೋಸೆ ಸೀದೋಯ್ತದೆ, ನೋಡು.”

ದೋಸೆ ಸೀದುಹೋಗಿಯೇ ಇತ್ತು.

ಕಂಪನಿಗೆ ಬೇರೆ ಹೆಸರಿತ್ತು. ಕಟ್ಟಡಗಳ ಗೋಡೆಯೆಲ್ಲ ಗಾಜು, ಹಾಗಾಗಿ ಊರವರ ಬಾಯಲ್ಲಿ ಅದು ಮೊದಲಿನಿಂದಲೂ ಗಾಜಿನ ಕಂಪನಿ. ಅದರ ಇಪ್ಪತ್ತೆರಡು ಎಕರೆಯಲ್ಲಿ ನಾಲ್ಕು ಎಕರೆ ಒಂದು ಕಾಲಕ್ಕೆ ಚಿಕ್ಕಬೈರಪ್ಪನ ರಾಗಿ ಹೊಲ. ಇಪ್ಪತ್ತೇಳು ವರ್ಷದ ಹಿಂದೆ ಅದನ್ನು ಮಾರಿದ ದುಡ್ಡಿನಲ್ಲಿ ಎದ್ದದ್ದೇ ಈ ಮನೆ. ಕೆಳಗೆ ಪಾರ್ಕಿಂಗು, ಮೇಲೆ ತಮ್ಮ ವಾಸ, ಅದರ ಮೇಲೆ ಮೂರು ಅಂತಸ್ತು ಪಿಜಿ. ಆದರೆ ಹೊಲದ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಮೂರು ಸಮಾಧಿ ಗುಡ್ಡೆಗಳಿದ್ದವು, ಒಂದೊಂದರ ಮೇಲೂ ಒಂದು ಕಲ್ಲು. ಎರಡು ಗುಡ್ಡೆ ಅಕ್ಕಯಮ್ಮನ ಅತ್ತೆ ಮಾವನದು. ಮೂರನೆಯದು ಚಿಕ್ಕದು, ಅದು ಅವಳ ಚೊಚ್ಚಲ ಮಗ ಸಿದ್ದರಾಜುವಿನದು. ನಾಲ್ಕು ವರ್ಷದ ಹುಡುಗ, ಮೂರು ದಿನದ ಜ್ವರಕ್ಕೆ ಹೋದವನು. ಹೊಲ ಮಾರುವಾಗ ಅಕ್ಕಯಮ್ಮ ಹಟ ಹಿಡಿದು ಆ ಎರಡು ಗುಂಟೆ ಬಿಡಿಸಿದ್ದಳು. ಕ್ರಯಪತ್ರದಲ್ಲಿ ಹಾಗೆಂದೇ ಬರೆದಿತ್ತು.

ಕಂಪನಿಯವರು ಸುತ್ತ ಕಾಂಪೌಂಡು ಹಾಕಿದರು, ಗುಡ್ಡೆಗಳ ಸುತ್ತ ಹುಲ್ಲು ಬೆಳೆಸಿದರು. ಅಲ್ಲಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆ ಮೂರು ಕಲ್ಲುಗಳನ್ನು ತೋಟದ ಅಲಂಕಾರ ಎಂದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಗೇಟಿನಲ್ಲಿ ಪಾಸು ಬರೆಸಿ ಮನೆಯವರು ಒಳಗೆ ಹೋಗಿ ಎಡೆ ಇಟ್ಟು ಬರುತ್ತಿದ್ದರು. ಹಿರಿಯರಿಗೆ ಮುದ್ದೆ, ಕೋಳಿ ಸಾರು, ವಡೆ, ಒಂದು ಪಂಚೆ, ಒಂದು ಸೀರೆ. ಸಿದ್ದರಾಜುವಿಗೆ ಹುರಿಗಡಲೆ, ಬೆಲ್ಲ, ಒಂದು ಅಂಗಿ. ಆ ಅಂಗಿಯನ್ನು ಅಕ್ಕಯಮ್ಮ ತಾನೇ ಬನಶಂಕರಿ ಮಾರ್ಕೆಟ್ಟಿಗೆ ಹೋಗಿ ತರುತ್ತಿದ್ದಳು. ಅಂಗಡಿಯವನು ಕೇಳುವನು, “ಮೊಮ್ಮಗನಿಗೆ ಎಷ್ಟು ವರ್ಷ ಅಮ್ಮಾ?” ಅವಳು ಹೇಳುವಳು, “ನಾಕು.” ನಲವತ್ತೈದು ವರ್ಷದಿಂದ ಅವಳು ಹೇಳಿದ್ದು ಅದೊಂದೇ ಲೆಕ್ಕ.

ಗಣೇಶನನ್ನು ನೀರಿಗೆ ಬಿಟ್ಟ ಮರುವಾರ ಪಾಲಿಕೆಯ ಕಂದಾಯದವನು ಟೇಪು ಹಿಡಿದು ಬಂದ. ಮೆಟ್ಟಿಲು ಹತ್ತಿ ಇಳಿದು, ಪ್ರತಿ ಅಂತಸ್ತನ್ನೂ ಅಳೆದು, ಹಾಲಿನಲ್ಲಿ ಕೂತು ಕಾಫಿ ಕುಡಿದ. ಕಾಫಿ ಮುಗಿಯುವವರೆಗೂ ಒಳ್ಳೆಯ ಮಾತಾಡಿದ.

“ಈ ರಸ್ತೇಲಿ ಅರ್ಧ ಟ್ಯಾಕ್ಸು ಆ ಕಂಪನಿ ಒಂದೇ ಕಟ್ತಾ ಇತ್ತು ಸಾರ್. ಈಗ ಬಿಲ್ಡಿಂಗ್ ಒಡೆದಾಕ್ತಾರೆ. ಇನ್ನು ಅವರು ಕಟ್ಟೋದು ಖಾಲಿ ಜಾಗದ ಟ್ಯಾಕ್ಸು ಮಾತ್ರ. ಆ ತೂತು ಎಲ್ಲಿಂದ ಮುಚ್ಚೋದು? ಮನೆಮನೆ ಅಳೀರಿ ಅಂತ ಮೇಲಿಂದ ಹೇಳಿದ್ದಾರೆ. ಆ ಮಾರಾಟದ ಬೆಲೆ ನೋಡಿ ರಸ್ತೆ ದರಾನೂ ಏರಿಸ್ತಾರೆ, ಇವಾಗ್ಲೇ ಹೇಳಿರ್ತೀನಿ.”

“ನಾವು ತಪ್ಪದೇ ಕಟ್ತಾ ಇದೀವಲ್ಲ ಸಾರ್,” ಎಂದ ದೀಪಕ್.

“ಕಟ್ತಾ ಇದೀರಿ. ಏನಂತ ಬರೆದು ಕಟ್ತಾ ಇದೀರಿ? ನಾಲ್ಕು ಅಂತಸ್ತೂ ಸ್ವಂತ ವಾಸ ಅಂತ. ಮೇಲೆ ನಲವತ್ತು ಜನ ಹುಡುಗರಿದ್ದಾರೆ. ಅಷ್ಟೂ ಜನ ನಿಮ್ಮ ಅಣ್ತಮ್ಮಂದಿರಾ?”

ಮೈತ್ರಿ ಒಳಗಿನಿಂದ ಕಿಸಕ್ಕನೆ ನಕ್ಕಳು. ಸೌಮ್ಯ ಅವಳ ಬಾಯಿ ಮುಚ್ಚಿದಳು. ಹಳೆಯ ವ್ಯತ್ಯಾಸವನ್ನೆಲ್ಲ ಸೇರಿಸಿ ತಿಂಗಳೊಳಗೆ ಹೊಸ ಫಾರಂ ತುಂಬಬೇಕು, ಇಲ್ಲದಿದ್ದರೆ ನೋಟಿಸು ಬರುತ್ತದೆ ಎಂದು ಹೇಳಿ ಅವನು ಹೋದ.

ಹೋದದ್ದೇ ತಡ, ಸೌಮ್ಯ ದೀಪಕ್ ನಡುವೆ ಜಗಳ ಶುರುವಾಯಿತು.

“ನಾನು ಆಗ್ಲೇ ಹೇಳ್ದೆ. ಬಾಡಿಗೆಗೆ ಕೊಟ್ಟಿದ್ರೆ ಡಬಲ್ ಟ್ಯಾಕ್ಸು, ಇದ್ದಿದ್ದನ್ನ ಇದ್ದಂಗೆ ಬರೀರಿ ಅಂತ. ಕೇಳಿದ್ರಾ?”

“ಈ ರಸ್ತೇಲಿ ಯಾರು ಬರ್ದಿದ್ದಾರೆ ತೋರ್ಸು. ನಾನೊಬ್ಬನೇ ಹರಿಶ್ಚಂದ್ರ ಆಗ್ಬೇಕಿತ್ತಾ?”

“ಈಗ ಮೈತ್ರಿ ಫೀಸಿಗಿಟ್ಟ ದುಡ್ಡು ತೆಗೀಬೇಕು. ಹರಿಶ್ಚಂದ್ರನೇ ಆಗಿದ್ರೆ ಚೆನ್ನಾಗಿತ್ತು.”

ಸಂಜೆ ಸೌಮ್ಯ ಕಬ್ಬಿಣದ ಪೆಟ್ಟಿಗೆ ಇಳಿಸಿ, ಹಾಲಿನ ನೆಲದ ತುಂಬ ಕಾಗದ ಹರಡಿಕೊಂಡು ಕೂತಳು. ಅಕ್ಕಯಮ್ಮ ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಚಿಕ್ಕಬೈರಪ್ಪ ಟಿವಿಯ ಮುಂದಿದ್ದ.

“ನಮ್ಮ ಎರಡು ಗುಂಟೆ ರಸೀದಿ ಯಾವುದಮ್ಮ ಇದ್ರಲ್ಲಿ?” ಎಂದಳು ಅಕ್ಕಯಮ್ಮ, ಸುಮ್ಮನೆ, ಮಾತಿಗೆ.

ಸೌಮ್ಯ ಹುಡುಕಿದಳು. ಪಂಚಾಯಿತಿ ಕಾಲದ ರಸೀದಿಗಳು ಸಿಕ್ಕವು. ಹಳದಿ ಕಾಗದ, ವರ್ಷಕ್ಕೆ ಹನ್ನೆರಡು ರೂಪಾಯಿ. ಊರು ಬೆಂಗಳೂರಿಗೆ ಸೇರಿದ ವರ್ಷ ಅವು ನಿಂತುಹೋಗಿದ್ದವು. ಅವುಗಳ ಕೆಳಗೆ ಛಾಪಾ ಕಾಗದದ ಒಂದು ಜೆರಾಕ್ಸ್ ಇತ್ತು. ಸೌಮ್ಯ ಅದನ್ನು ಒಂದು ಸಲ ಓದಿದಳು, ಮಾವನ ಕಡೆ ನೋಡಿದಳು, ಮತ್ತೆ ಓದಿದಳು.

“ಮಾವ, ಇದು ನಿಮ್ಮ ಸೈನಾ?”

ಚಿಕ್ಕಬೈರಪ್ಪ ಟಿವಿಯ ಸದ್ದು ಹೆಚ್ಚು ಮಾಡಿದ. ಅಕ್ಕಯಮ್ಮ ಎದ್ದುಹೋಗಿ ಟಿವಿ ಆರಿಸಿದಳು.

“ಏನಂತೆ ಅದ್ರಲ್ಲಿ?”

“ಆ ಎರಡು ಗುಂಟೆನ ಕಂಪನಿ ತನ್ನ ಖಾತೆಗೆ ಸೇರಿಸ್ಕೊಳ್ಳೋದಕ್ಕೆ ನಮ್ಮ ಅಡ್ಡಿ ಇಲ್ಲ ಅಂತ, ಅತ್ತೆ. ಇನ್ನು ಮುಂದೆ ಕಂದಾಯ ಅವರೇ ಕಟ್ಕೋತಾರಂತೆ.”

ಮುದುಕನಿಗೆ ಈಗ ಓಡಿಹೋಗಲು ಜಾಗವಿರಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

“ಬೆಂಗಳೂರಿಗೆ ಸೇರಿಸ್ದಾಗ ಅದನ್ನ ಖಾಲಿ ಸೈಟು ಅಂದ್ರು ಕಣೆ. ವರ್ಷಕ್ಕೆ ಸಾವಿರದೆಂಟುನೂರು ಕಟ್ಟು ಅಂದ್ರು. ಹೆಣ ಹೂತ ಜಾಗಕ್ಕೆ ಯಾವನಾದ್ರೂ ಕಂದಾಯ ಕಟ್ತಾನಾ? ಕಂಪನಿಯೋರು, ನಮ್ಮ ಖಾತೆಗೇ ಸೇರಿಸ್ಕೋತೀವಿ, ನೀವು ಬಂದು ಎಡೆ ಇಟ್ಟೋಗಿ, ಯಾರು ಬೇಡ ಅಂತಾರೆ ಅಂದ್ರು. ಉಳೀತಲ್ಲ ಅಂದ್ಕೊಂಡೆ. ಊರೋರೂ ನನ್ನೇ ಜಾಣ ಅಂದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಿಡ್ತಿದ್ದಾ?”

ಅಕ್ಕಯಮ್ಮ ಕೂಗಾಡುವ ಹೆಂಗಸಲ್ಲ. ಮದುವೆಯಾಗಿ ಐವತ್ತು ವರ್ಷವಾಗಿತ್ತು. ಸಿಟ್ಟು ಬಂದರೆ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೇ. ಅವತ್ತು ಅವಳು ಗಂಡನ ಎದುರಿಗೆ ಬಂದು ನಿಂತಳು.

“ಸಾವಿರದೆಂಟುನೂರು ರೂಪಾಯಿಗೆ ನನ್ನ ಮಗನ್ನ ಬೇರೆಯವರ ಖಾತೆಗೆ ಬರ್ದ್ಯಾ ನೀನು?”

ಅದೇ ಕೊನೆ. ಮಾರನೆಯ ದಿನದಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಮುದ್ದೆ ಕಟ್ಟುತ್ತಿದ್ದಳು, ಸಕ್ಕರೆ ಕಾಯಿಲೆಯ ಮಾತ್ರೆ ತಟ್ಟೆಯ ಪಕ್ಕ ಇಡುತ್ತಿದ್ದಳು. ಬಾಯಿಗೆ ಮಾತ್ರ ಬೀಗ. ಮಾತೇನಿದ್ದರೂ ಮೈತ್ರಿಯ ಮೂಲಕ ಹೋಗಬೇಕಿತ್ತು.

“ನಿಮ್ಮ ತಾತಂಗೆ ಹೇಳು, ಬಿಸಿನೀರು ಕಾದೈತೆ ಅಂತ.”

“ಅಜ್ಜೀ, ತಾತ ಇಲ್ಲೇ ಎರಡಡಿ ದೂರದಲ್ಲಿದ್ದಾರೆ.”

“ಹೇಳು ಅಂದ್ರೆ ಹೇಳು.”

ಮೈತ್ರಿಗೆ ಮೊದಲ ಎರಡು ದಿನ ಅದು ಆಟದಂತಿತ್ತು. ಮೂರನೆಯ ದಿನ ಅವಳು ತಾತನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು.

ಜೆಪಿ ನಗರದಲ್ಲಿ ಚನ್ನಬಸವಯ್ಯ ಎಂಬ ಹಳೆಯ ವಕೀಲರಿದ್ದರು. ಅಕ್ಕಯಮ್ಮ ಮಗ ಸೊಸೆಯನ್ನು ಹೊರಡಿಸಿಕೊಂಡು ಅವರಲ್ಲಿಗೆ ಹೋದಳು. ಗಂಡನನ್ನು ಕರೆಯಲಿಲ್ಲ. ಅವನು ಚಪ್ಪಲಿ ಮೆಟ್ಟಿ ಗೇಟಿನವರೆಗೂ ಬಂದು, ಆಟೋ ಹೋದ ಮೇಲೆ ವಾಪಸು ಬಂದು ಕೂತನಂತೆ. ಪಿಜಿಯ ಅಡಿಗೆಯವಳು ಆಮೇಲೆ ಹೇಳಿದಳು.

ವಕೀಲರು ಕಾಗದಗಳನ್ನೆಲ್ಲ ನಿಧಾನವಾಗಿ ನೋಡಿದರು.

“ನೋಡೀಮ್ಮ, ಖಾತೆ ಅಂದ್ರೆ ಒಡೆತನ ಅಲ್ಲ. ನೀವು ಆ ಜಾಗ ಮಾರಿಲ್ಲ. ದಾವೆ ಹಾಕಬಹುದು. ಆದ್ರೆ ಹದಿನೆಂಟು ವರ್ಷದ ಕಂದಾಯ ರಸೀದಿ ಅವರ ಹತ್ರ ಇದೆ. ನಿಮ್ಮ ಯಜಮಾನರ ಸಹಿ ಅವರ ಹತ್ರ ಇದೆ. ಕಾಂಪೌಂಡು ಅವರದು. ನಿಮ್ಮ ಹತ್ರ ಏನಿದೆ?”

“ನನ್ನ ಮಗ ಅವ್ನೆ ಅಲ್ಲಿ,” ಎಂದಳು ಅಕ್ಕಯಮ್ಮ.

ವಕೀಲರು ಕನ್ನಡಕ ತೆಗೆದರು. “ಅದನ್ನ ಕೋರ್ಟಿಗೆ ಹೇಳಬಹುದು. ಹತ್ತು ವರ್ಷ ನಡೆಯತ್ತೆ. ತಡೆಯಾಜ್ಞೆ ಕೇಳ್ತೀನಿ, ಸಿಗತ್ತೆ ಅಂತ ಮಾತು ಕೊಡಲಾರೆ. ನಿಮಗೆ ಸುಳ್ಳು ಹೇಳಿ ಫೀಸು ತಗೊಳ್ಳೋ ವಯಸ್ಸು ಅಲ್ಲ ನಂದು.”

ಅಲ್ಲಿಂದ ನೇರ ಗಾಜಿನ ಕಂಪನಿಗೆ. ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದವರು ಜಯಸಿಂಹ, ಜಯನಗರದವರು. ವರ್ಷಾವರ್ಷ ಅಮಾವಾಸ್ಯೆಯ ಪಾಸು ಬರೆದುಕೊಡುತ್ತಿದ್ದವರು ಅವರೇ. ಕಂಪನಿ ಊರ ಹೊರಗೆ ಬಾಡಿಗೆ ಕಟ್ಟಡಕ್ಕೆ ಹೋಗುತ್ತಿತ್ತು. ಜಯಸಿಂಹರನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಅವರ ಕೋಣೆಯ ತುಂಬ ರಟ್ಟಿನ ಡಬ್ಬಗಳಿದ್ದವು.

“ನಾನು ಕೇಳಿ ನೋಡಿದೆ ಅಮ್ಮಾ. ನೀವು ಬರೋಕೆ ಮೊದಲೇ ಕೇಳಿದೆ,” ಎಂದರು. “ಕೊಂಡವರು ಹೇಳೋದು ಇಷ್ಟೇ. ಆ ಮೂಲೇಲಿ ಮೂರು ಹಂತ ಕೆಳಗೆ ಅಗೀತಾರಂತೆ, ಕಾರು ನಿಲ್ಲಿಸೋಕೆ. ಬೇಕಾದ್ರೆ ತೆಗೆದುಕೊಂಡು ಹೋಗ್ಲಿ, ಖರ್ಚು ಕೊಡ್ತೀವಿ ಅಂದ್ರು.”

“ಏನು ತಗೊಂಡೋಗೋದು ಸ್ವಾಮಿ? ನಾಕು ವರ್ಷದ ಮಗ. ನಲವತ್ತೈದು ವರ್ಷ ಆಯ್ತು. ಅಗೆದ್ರೆ ಏನು ಸಿಗ್ತದೆ?”

ಜಯಸಿಂಹರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. “ಅಮಾವಾಸ್ಯೆ ಆದ ಹನ್ನೆರಡನೇ ದಿನ ನಾನು ಬೀಗದ ಕೈ ಕೊಡಬೇಕು. ಅಮಾವಾಸ್ಯೆಗೆ ನೀವು ಬನ್ನಿ. ಪಾಸು ನಾನೇ ಬರೀತೀನಿ. ಆಮೇಲೆ ನಾನೂ ಇರಲ್ಲ, ನೀವು ಯಾರನ್ನ ಕೇಳಬೇಕು ಅಂತ್ಲೂ ನನಗೆ ಗೊತ್ತಿಲ್ಲ.”

ಅಮಾವಾಸ್ಯೆಗೆ ಒಂದು ವಾರ ಮುಂಚೆ ಅಕ್ಕಯಮ್ಮ ಬನಶಂಕರಿಗೆ ಹೋಗಿ ಅಂಗಿ ತಂದಳು. ನೀಲಿ ಬಣ್ಣದ್ದು, ಜೇಬಿನ ಮೇಲೆ ಒಂದು ಪುಟ್ಟ ರೈಲು. ಅಂಗಡಿಯವನು ಕೇಳಿದ, ಅವಳು ನಾಕು ಎಂದಳು.

ಆ ದಿನ ಬೆಳಗ್ಗೆ ನಾಲ್ಕಕ್ಕೇ ಎದ್ದು ಅತ್ತೆ ಸೊಸೆ ಅಡಿಗೆ ಮಾಡಿದರು. ದೀಪಕ್ ಬಾಳೆ ಎಲೆ ತಂದ. ಕಂಪನಿಯ ಒಳಗೆ ಕಟ್ಟಡಗಳು ಖಾಲಿಯಾಗಿದ್ದವು. ಇವರು ಐದು ಜನ ನಡೆದು ಹೋಗುವುದು ಗಾಜಿನಲ್ಲಿ ಉದ್ದಕ್ಕೂ ಕಾಣುತ್ತಿತ್ತು. ನೀರು ಹಾಕುವವರಿಲ್ಲದೆ ಹುಲ್ಲು ಒಣಗಿತ್ತು. ಹೊಂಗೆ ಮರಕ್ಕೆ ಯಾರೋ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು.

ಎಡೆ ಇಟ್ಟರು, ಕಾಯಿ ಒಡೆದರು, ಸಾಂಬ್ರಾಣಿ ಹಾಕಿದರು. ಎಲ್ಲರೂ ಅಡ್ಡಬಿದ್ದ ಮೇಲೆ ಅಕ್ಕಯಮ್ಮ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು ಚಿಕ್ಕ ಗುಡ್ಡೆಯ ಮುಂದೆ ಕೂತಳು. ಬೆರಳಿನಿಂದ ಮಣ್ಣು ಕೆದಕತೊಡಗಿದಳು. ನೆಲ ಗಟ್ಟಿಯಾಗಿತ್ತು. ಚಿಕ್ಕಬೈರಪ್ಪ ಕಾಯಿ ಒಡೆದ ಮಚ್ಚು ಹಿಡಿದು ಪಕ್ಕಕ್ಕೆ ಬಂದು ಬಗ್ಗಿದ. ಅವಳು ಡಬ್ಬಿಯನ್ನು ಆ ಕಡೆಗೆ ಸರಿಸಿಕೊಂಡಳು.

ಮುದುಕ ಅಲ್ಲೇ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದ. ಆಮೇಲೆ ಹೋಗಿ ತನ್ನ ಅಪ್ಪ ಅವ್ವನ ಗುಡ್ಡೆಯಿಂದ ಒಂದೊಂದು ಹಿಡಿ ಮಣ್ಣು ಟವೆಲ್ಲಿನ ತುದಿಗೆ ಕಟ್ಟಿಕೊಂಡ. ಗಂಟು ಹಾಕಲು ಅವನು ಮೂರು ಸಲ ಹೆಣಗಿದ್ದನ್ನು ಅಕ್ಕಯಮ್ಮ ನೋಡಿದಳು. ನೋಡಿಯೂ ಅವಳ ಮನಸ್ಸು ಕರಗಲಿಲ್ಲ. ಅದನ್ನು ಮುಚ್ಚಿಡುವುದು ಯಾಕೆ?

ಪ್ರತಿ ವರ್ಷ ಆ ಅಂಗಿ ಕಂಪನಿಯ ಮಾಲಿಯ ಮಕ್ಕಳಿಗೆ ಹೋಗುತ್ತಿತ್ತು. ಈ ಸಲ ಮಾಲಿಯೂ ಇರಲಿಲ್ಲ. ಅಕ್ಕಯಮ್ಮ ಅದನ್ನು ಮಡಿಸಿ ವಾಪಸು ತಂದಳು.

ಡಬ್ಬಿ ದೇವರ ಗೂಡಿನಲ್ಲಿ ಕೂತಿತು. ಎರಡು ದಿನ ಸುಮ್ಮನಿದ್ದು ದೀಪಕ್ ಬಾಯಿಬಿಟ್ಟ.

“ಅಮ್ಮ, ಒಂದು ದೊಡ್ಡ ಕುಂಡ ತರ್ತೀನಿ. ಅದಕ್ಕೆ ಮಣ್ಣು ಹಾಕಿ ತುಳಸಿ ನೆಡೋಣ. ಟೆರೇಸ್ ಮೇಲೆ ಬಿಸಿಲೂ ಇರತ್ತೆ.”

“ಮಗೂನ ಕುಂಡದಲ್ಲಿ ಮಡಗ್ತಾರೇನ್ಲಾ? ಮನೆಗೆ ಬಣ್ಣ ಹೊಡೆಸೋವಾಗ ಆ ಕಡೆ ಈ ಕಡೆ ಎತ್ತಿಡಕ್ಕಾ?”

“ಮತ್ತೆ ಎಲ್ಲಿ ಹಾಕೋಣ ಹೇಳು.”

“ಅದನ್ನೇ ನಾನೂ ಕೇಳ್ತಿರೋದು. ಈ ಮನೇಲಿ ಒಂದು ಹಿಡಿ ಮಣ್ಣು ಎಲ್ಲೈತೆ?”

ಮನೆ ಕಟ್ಟುವಾಗ ನಾಲ್ಕೂ ಕಡೆ ಗೋಡೆಗೆ ಗೋಡೆ ಸೇರಿಸಿ ಕಟ್ಟಿದ್ದರು. ಗೇಟಿನ ಒಳಗೆ ಗ್ರಾನೈಟು, ಗೇಟಿನ ಹೊರಗೆ ಡಾಂಬರು. ನಾಲ್ಕು ಎಕರೆ ಉತ್ತವರ ಮನೆಯಲ್ಲಿ ಒಂದು ಗರಿಕೆ ಹುಟ್ಟಲು ಜಾಗವಿರಲಿಲ್ಲ. ಟಿವಿಯ ಮುಂದೆ ಕೂತಿದ್ದ ಚಿಕ್ಕಬೈರಪ್ಪ ಅಷ್ಟನ್ನೂ ಕೇಳಿಸಿಕೊಂಡ.

ಅಮಾವಾಸ್ಯೆಯಾದ ಹನ್ನೊಂದನೆಯ ದಿನ ಅವನು ತಿಂಡಿ ತಿಂದವನೇ ಯಾರಿಗೂ ಹೇಳದೆ ಹೊರಟುಹೋದ. ಊಟದ ಹೊತ್ತಿಗೆ ಆಟೋದಲ್ಲಿ ಬಂದು, ಏನನ್ನೋ ಗೋಣಿಚೀಲದಲ್ಲಿ ಸುತ್ತಿಕೊಂಡು ನೀರಿನ ಮೋಟರಿನ ಹಿಂದೆ ಇಟ್ಟ. ಕೇಳಿದರೆ ಹೇಳಲಿಲ್ಲ.

ಮರುದಿನ ಬೆಳಗ್ಗೆ ಅಕ್ಕಯಮ್ಮ ಹಾಲು ಕಾಯಿಸುತ್ತಿದ್ದಾಗ ಕೆಳಗಿನಿಂದ ಠಣ್ ಠಣ್ ಎಂದು ಸದ್ದು ಕೇಳಿಸಿತು. ಮೈತ್ರಿ ಓಡಿ ಬಂದಳು. “ಅಜ್ಜೀ, ತಾತ ಪಾರ್ಕಿಂಗ್ ಒಡೀತಿದ್ದಾರೆ!”

ಅಕ್ಕಯಮ್ಮ ಮೆಟ್ಟಿಲ ಮೇಲೆ ಬಂದು ನಿಂತಳು. ಎಪ್ಪತ್ತನಾಲ್ಕು ವರ್ಷದ ಮುದುಕ, ಪಂಚೆ ಎತ್ತಿಕಟ್ಟಿ, ಹಾರೆ ಹಿಡಿದು, ಮೂಲೆಯ ಗ್ರಾನೈಟು ಕಲ್ಲನ್ನು ಮೀಟುತ್ತಿದ್ದ. ಪಿಜಿಯ ಹುಡುಗರು ಆಫೀಸಿನ ಬ್ಯಾಗು ಹಾಕಿಕೊಂಡು ಸುತ್ತ ನಿಂತಿದ್ದರು. ದೀಪಕ್ ಬನಿಯನ್ನಿನಲ್ಲೇ ಓಡಿ ಬಂದ.

“ಅಪ್ಪಾ! ಏನ್ ಮಾಡ್ತಿದೀಯಾ? ಅಲ್ಲಿ ಒಂದು ಬೈಕು ನಿಲ್ಲತ್ತೆ. ಅವರು ಬಾಡಿಗೆ ಕೊಡ್ತಾರೆ ಅದಕ್ಕೆ!”

“ನಿಲ್ಲಲ್ಲ ಇನ್ಮೇಲೆ.”

“ಅಡ್ವಾನ್ಸ್ ಇಸ್ಕೊಂಡಿದೀನಪ್ಪ!”

“ವಾಪಸ್ ಕೊಡು.”

“ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?”

ಚಿಕ್ಕಬೈರಪ್ಪ ಹಾರೆ ಊರಿ ನಿಂತು ಏದುಸಿರು ಬಿಟ್ಟ. “ಅವತ್ತು ಕೇಳ್ಬೇಕಾದೋರನ್ನ ಕೇಳ್ಲಿಲ್ಲ. ಇವತ್ತು ಯಾರನ್ನೂ ಕೇಳಕ್ಕಿಲ್ಲ. ಸರ್ಕೊ ಅತ್ಲಾಗೆ.”

ಗ್ರಾನೈಟು ಎದ್ದಿತು. ಅದರ ಕೆಳಗೆ ಕಾಂಕ್ರೀಟು. ಮುದುಕ ಹತ್ತು ಏಟು ಹಾಕಿದ. ಕಾಂಕ್ರೀಟಿನ ಮೇಲೆ ಬಿಳಿ ಗೀರು ಬಿತ್ತೇ ಹೊರತು ಇನ್ನೇನೂ ಆಗಲಿಲ್ಲ. ಹನ್ನೊಂದನೆಯ ಏಟಿಗೆ ಹಾರೆ ಕೈಜಾರಿತು. ಅವನು ಎಡಗೈ ಅಲುಗಿಸಿಕೊಂಡು, ಮತ್ತೆ ಹಾರೆ ಎತ್ತಲು ಬಗ್ಗಿದ. ದೀಪಕ್ ಒಂದು ಕ್ಷಣ ಅಪ್ಪನ ಬೆನ್ನು ನೋಡುತ್ತ ನಿಂತ. ಆಮೇಲೆ ಹಾರೆ ಕಿತ್ತುಕೊಂಡು ತಾನೇ ಹಾಕತೊಡಗಿದ. ಬೈಯುತ್ತಲೇ ಹಾಕಿದ, ಆದರೂ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಕೆಂಪು ಮಣ್ಣು ಕಾಣಿಸಿತು. ಇಪ್ಪತ್ತೈದು ವರ್ಷ ಬೆಳಕು ಕಾಣದ ಮಣ್ಣು. ಮೂರಡಿ ಅಗಲ, ಆರಡಿ ಉದ್ದ.

ಚಿಕ್ಕಬೈರಪ್ಪ ಮೋಟರಿನ ಹಿಂದಿನಿಂದ ಗೋಣಿಚೀಲ ಎತ್ತಿ ತಂದು ಬಿಚ್ಚಿದ. ಒಳಗೆ ಒಂದು ಕಲ್ಲು. ಸೇರಿನಷ್ಟು ಗಾತ್ರದ್ದು, ತಲೆಯ ಮೇಲೆ ಅರಿಸಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅಕ್ಕಯಮ್ಮನಿಗೆ ಅದನ್ನು ಗುರುತಿಸಲು ಹತ್ತಿರ ಬರಬೇಕಾಗಿರಲಿಲ್ಲ. ಅದು ಚಿಕ್ಕ ಗುಡ್ಡೆಯ ಮೇಲಿದ್ದ ಕಲ್ಲು. ಅವಳು ಮೆಟ್ಟಿಲ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು.

ಮುದುಕ ಜೇಬಿನಿಂದ ಒಂದು ಚೀಟಿ ತೆಗೆದು ಮೊಮ್ಮಗಳ ಕೈಗೆ ಕೊಟ್ಟ. “ನಿಮ್ಮ ಅಜ್ಜಿಗೆ ಓದಿ ಹೇಳವ್ವ.”

ಅದು ಕಂಪನಿಯ ಗೇಟಿನಿಂದ ಸಾಮಾನು ಹೊರಗೆ ಒಯ್ಯುವ ಪಾಸು. ಪಾಸಿಲ್ಲದೆ ಒಂದು ಕುರ್ಚಿಯೂ ಆಚೆ ಬರುವಂತಿರಲಿಲ್ಲ. ಮೈತ್ರಿ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದಳು. “ಸಾಮಾನು: ಕಲ್ಲು. ಎಷ್ಟು: ಒಂದು. ವಾಪಸ್ ತರಬೇಕಾಗಿಲ್ಲ. ಸಹಿ, ಜಯಸಿಂಹ.”

ಅಕ್ಕಯಮ್ಮ ಒಳಗೆ ಹೋಗಿ ಡಬ್ಬಿ ತಂದಳು, ಜೊತೆಗೆ ನೀಲಿ ಅಂಗಿಯನ್ನೂ ತಂದಳು. ಮೊಣಕೈ ಆಳ ಮಣ್ಣು ಸರಿಸಿ ಅಂಗಿ ಇಟ್ಟು, ಅದರ ಮೇಲೆ ಡಬ್ಬಿಯ ಮಣ್ಣು ಸುರಿದಳು. ಚಿಕ್ಕಬೈರಪ್ಪ ಟವೆಲ್ಲಿನ ಗಂಟು ಬಿಚ್ಚಿ ತನ್ನ ಅಪ್ಪ ಅವ್ವನ ಮಣ್ಣನ್ನು ಪಕ್ಕದಲ್ಲಿ ಸುರಿದ. ಈ ಸಲ ಅವಳು ಸರಿದು ಜಾಗ ಕೊಟ್ಟಳು. ಕಲ್ಲನ್ನು ಇಬ್ಬರೂ ಹಿಡಿದು ಕೂರಿಸಿದರು. ಅವತ್ತು ಸಂಜೆ ರಸ್ತೆಯ ಆ ತುದಿಯಲ್ಲಿ ಗಾಜಿನ ಕಂಪನಿಯ ಬೀಗದ ಕೈ ಕೈಬದಲಾಯಿತು ಎಂದು ಯಾರೋ ಹೇಳಿದರು; ಮನೆಯವರು ಯಾರೂ ಆಚೆ ಬಂದು ನೋಡಲಿಲ್ಲ.

ಮೂರು ದಿನ ಬಿಟ್ಟು ಭಾನುವಾರ ಸಂಜೆ ಸೌಮ್ಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಹೊಸ ಫಾರಂ ತುಂಬಲು ಕೂತಳು. ಗಡುವಿಗೆ ಎರಡು ದಿನ ಉಳಿದಿತ್ತು. ದೀಪಕ್ ಎದುರಿಗೆ ಮುಖ ಊದಿಸಿಕೊಂಡು ಕೂತಿದ್ದ. ಅಡಿಗೆಮನೆಯ ಬಾಗಿಲಲ್ಲಿ ಅಕ್ಕಯಮ್ಮ ಅವರೆಕಾಳು ಹಿದುಕುತ್ತಿದ್ದಳು.

“ಮೇಲಿನ ಮೂರು ಅಂತಸ್ತು?” ಎಂದಳು ಸೌಮ್ಯ, ಗಂಡನ ಕಡೆ ನೋಡಿ.

“ಬಾಡಿಗೆ,” ಎಂದ ದೀಪಕ್, ಹಲ್ಲು ಕೀಳಿಸಿಕೊಂಡವನಂತೆ.

“ನಾವಿರೋದು ಸ್ವಂತ ವಾಸ. ಕೆಳಗೆ ಪಾರ್ಕಿಂಗ್ ಬಾಡಿಗೆ.” ಅವಳ ಬೆರಳು ನಿಂತಿತು. “ಮಾವ, ಪಾರ್ಕಿಂಗ್ ಅಳತೇಲಿ ಆ ಹದಿನೆಂಟು ಚದರಡಿ ಕಳೀಲಾ? ಅಲ್ಲೀಗ ಗಾಡಿ ನಿಲ್ಲಲ್ಲ. ಕಳೆದ್ರೆ ಯಾರೂ ಕೇಳಲ್ಲ, ಒಂದಿಷ್ಟು ಉಳಿಯತ್ತೆ.”

ಚಿಕ್ಕಬೈರಪ್ಪ ಕುರ್ಚಿಯಿಂದ ಎದ್ದು ಬಂದ. ಏಟು ಬಿದ್ದ ಎಡಗೈಗೆ ಇನ್ನೂ ಬಟ್ಟೆ ಸುತ್ತಿತ್ತು.

“ಕಳೀಬೇಡ,” ಎಂದ. “ಒಂದು ಅಂಗುಲಾನೂ ಕಳೀಬೇಡ. ಅದನ್ನ ಬೇರೆಯಾಗೇ ಬರಿ. ಅದ್ರ ಕಂದಾಯ ನನ್ನ ಪಿಂಚಣಿ ದುಡ್ಡಲ್ಲಿ ಕಟ್ತೀನಿ. ರಸೀದಿ ನನ್ನ ಕೈಗೆ ಕೊಡು.”

“ವೃದ್ಧಾಪ್ಯದ ಪಿಂಚಣಿಲಾ ಅಪ್ಪ?” ಎಂದ ದೀಪಕ್. ಯಾರೂ ಅವನ ಕಡೆ ನೋಡಲಿಲ್ಲ.

“ಬೇರೆ ಬರೀಬಹುದು,” ಎಂದಳು ಸೌಮ್ಯ. “ಆದ್ರೆ ಇಲ್ಲಿ ಕೇಳತ್ತೆ, ಆ ಜಾಗ ಯಾವ ಉಪಯೋಗಕ್ಕೆ ಅಂತ. ಎರಡೇ ಇರೋದು. ಒಂದೋ ಬಾಡಿಗೆ, ಇಲ್ಲಾ ಸ್ವಂತ ವಾಸ. ಏನಂತ ಹಾಕ್ಲಿ?”

ದೀಪಕ್ ಮೇಜು ನೋಡಿದ. ಚಿಕ್ಕಬೈರಪ್ಪ ಕೈಗೆ ಸುತ್ತಿದ ಬಟ್ಟೆ ಸರಿಮಾಡಿಕೊಂಡ.

ಅಕ್ಕಯಮ್ಮ ಅವರೆಕಾಳಿನ ಬಟ್ಟಲು ಕೆಳಗಿಟ್ಟು ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ತನಗೆ ಓದಲು ಬಾರದ ಆ ಪರದೆಯನ್ನು ಒಂದು ಕ್ಷಣ ನೋಡಿದಳು.

“ಸ್ವಂತ ವಾಸ ಅಂತ ಬರಿ, ಸೌಮ್ಯ,” ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. ಒಂದು ತಿಂಗಳಾಗುತ್ತ ಬಂದಿತ್ತು ಅವಳು ಅವನ ಮುಖ ನೋಡಿ ಮಾತಾಡಿ. “ನಮ್ಮ ಸಿದ್ದರಾಜು ಅಲ್ವೇನ್ರೀ ಅಲ್ಲಿರೋದು?”

ಚಿಕ್ಕಬೈರಪ್ಪ ಹೌದೆಂದು ತಲೆಯಾಡಿಸಿದ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ಮಗ ಸೊಸೆ ಮೊಮ್ಮಗಳ ಎದುರಿಗೇ ಅತ್ತ. ಸೌಮ್ಯ ಕಣ್ಣೊರೆಸಿಕೊಂಡು, ಅತ್ತೆ ಹೇಳಿದಂತೆಯೇ ಬರೆದಳು.